ಸೈಕಲ್ ಕೊಳ್ಳುವ ಮುಂಚೆ: ಹೊಸದೋ, ರಿಪೇರಿ ಮಾಡಿದ ಹಳೆಯದೋ?



ಸಂಘದ ವಾರದ ಸಭೆಯಲ್ಲಿ ಸಾಲದ ಬೇಡಿಕೆ ಬರೆಯುವಾಗ ಹಸು, ಹೊಲಿಗೆ ಯಂತ್ರ, ಶಾಲೆ ಫೀಸು, ಆಸ್ಪತ್ರೆ ಖರ್ಚು ಇವೆಲ್ಲ ಬರುತ್ತವೆ. ಸೈಕಲ್ ಬರುವುದು ಅಪರೂಪ. ಅದಕ್ಕೆ ಒಂದು ಕಾರಣವೂ ಇತ್ತು. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು. ಆಮೇಲೆ ಗಂಡುಮಕ್ಕಳಿಗೂ ಕೊಟ್ಟರು. ಆಗ ಹಣಕಾಸು ಖಾತೆ ಇದ್ದದ್ದು ಬಿ.ಎಸ್. ಯಡಿಯೂರಪ್ಪನವರ ಕೈಯಲ್ಲಿ, ಅವರು ಹುಟ್ಟಿದ್ದು ನಮ್ಮ ಕೆ.ಆರ್. ಪೇಟೆ ತಾಲೂಕಿನ ಬೂಕನಕೆರೆಯಲ್ಲಿ. ಹೀಗಾಗಿ ಬಹಳ ವರ್ಷ ಬಡವರ ಮನೆಗೂ ಒಂದು ಸೈಕಲ್ ತಾನಾಗಿ ಬರುತ್ತಿತ್ತು. ಕೊರೋನ ಕಾಲದಲ್ಲಿ ಆ ವಿತರಣೆ ನಿಂತಿತು. ಅಕ್ಕನಿಗೆ ಸಿಕ್ಕಿದ್ದು ತಂಗಿಗೆ ಸಿಗಲಿಲ್ಲ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮಗೆ ಬಸ್ ಪ್ರಯಾಣಕ್ಕೆ ಟಿಕೆಟ್ ದುಡ್ಡಿಲ್ಲ, ಅದು ದೊಡ್ಡ ಅನುಕೂಲವೇ. ಆದರೆ ಬಸ್ಸು ನಿಲ್ಲುವ ಜಾಗದ ತನಕ ಹೋಗುವುದು ಹೇಗೆ? ಊರೊಳಗೆ ಬಸ್ಸೇ ಬರದ ಹಳ್ಳಿಗಳಿವೆ. ಬೆಳಿಗ್ಗೆ ಆರಕ್ಕೆ ಡೈರಿಗೆ ಹಾಲು ಹಾಕಬೇಕು, ಹೊಲದಿಂದ ಹುಲ್ಲಿನ ಹೊರೆ ತರಬೇಕು, ಮಿಲ್ಲಿಗೆ ಹೋಗಿ ರಾಗಿ ಬೀಸಿಸಿಕೊಂಡು ಬರಬೇಕು. ಇದಕ್ಕೆಲ್ಲ ಬಸ್ಸು ಬರೋದಿಲ್ಲ. ಒಂದೋ ನಡಿಗೆ, ಇಲ್ಲಾ ಗಂಡನೋ ಮಗನೋ ಬೈಕು ತೆಗೆಯುವ ತನಕ ಕಾಯಬೇಕು. ಆಟೋಗೆ ದಿನಕ್ಕೆ 20 ರೂಪಾಯಿ ಅಂತ ಇಟ್ಟುಕೊಂಡರೂ ತಿಂಗಳಿಗೆ 25 ದಿನಕ್ಕೆ 500 ರೂಪಾಯಿ ಆಯಿತು.

ಹಾಗಾಗಿ ಸೈಕಲ್ಲಿಗೆ ಸಾಲ ಕೇಳಿದರೆ ಅದು ಅನುತ್ಪಾದಕ ಸಾಲ ಅಂತ ತಳ್ಳಿಹಾಕಬಾರದು. ಆದರೆ ಕೇಳುವವರಿಗೂ ಕೊಡುವವರಿಗೂ ಒಂದು ಗೊಂದಲ ಇದ್ದೇ ಇರುತ್ತದೆ. ಹೊಸದು ತಗೊಂಡ್ರೆ ದುಡ್ಡು ಹೋಯ್ತದೆ, ಹಳೇದು ತಗೊಂಡ್ರೆ ನೆಮ್ಮದಿ ಹೋಯ್ತದೆ. ಎರಡೂ ಹೋಗದ ಹಾಗೆ ಕೊಳ್ಳುವುದು ಹೇಗೆ ಅಂತ ಇಲ್ಲಿ ನೋಡೋಣ.

ಮೊದಲು ಮನೆ ಹಿತ್ತಲು ನೋಡಿ

ಅಂಗಡಿಗೆ ಹೋಗುವುದಕ್ಕಿಂತ ಮುಂಚೆ ಕೊಟ್ಟಿಗೆಯ ಮೂಲೆ, ಅಟ್ಟ, ಅಣ್ಣನ ಮನೆ ಜಗಲಿ ಇವನ್ನು ಒಮ್ಮೆ ನೋಡಿ. ದೊಡ್ಡ ಮಗಳಿಗೆ ಎಂಟನೇ ಕ್ಲಾಸಿನಲ್ಲಿ ಕೊಟ್ಟ ಸೈಕಲ್ಲು ಟೈರು ಬಿರಿದು, ಚೈನು ತುಕ್ಕು ಹಿಡಿದು ಕೋಳಿಗಳಿಗೆ ಕೂರುವ ಜಾಗವಾಗಿರುವ ಮನೆಗಳು ಕಡಿಮೆ ಇಲ್ಲ. ಗುಜರಿಯವನಿಗೆ ತೂಕಕ್ಕೆ ಹಾಕಿಬಿಡೋಣ ಅನ್ನಿಸುತ್ತದೆ. ಹಾಕಬೇಡಿ. ಸೈಕಲ್ಲಿನಲ್ಲಿ ಬೇಗ ಸವೆಯುವುದು ಟೈರು, ಟ್ಯೂಬು, ಚೈನು, ಫ್ರೀವೀಲು, ಬ್ರೇಕಿನ ರಬ್ಬರು, ಒಳಗಿನ ಗುಂಡುಗಳು. ಇವೆಲ್ಲ ಬದಲಾಯಿಸುವ ಸಾಮಾನು. ಉಳಿಯಬೇಕಾದ್ದು ಫ್ರೇಮು, ಮುಂದಿನ ಫೋರ್ಕು ಮತ್ತು ಎರಡು ರಿಮ್ಮು. ಈ ಮೂರು ನೆಟ್ಟಗಿದ್ದರೆ ಸೈಕಲ್ಲು ಬದುಕಿದೆ ಅಂತ ಅರ್ಥ. ತುಕ್ಕು ಮೇಲುಮೇಲಿನದಾದರೆ ಉಪ್ಪುಕಾಗದ ಹಾಕಿ ಉಜ್ಜಿ ಬಣ್ಣ ಬಳಿಯಬಹುದು. ಕೊಳವೆಯನ್ನು ಸ್ಪ್ಯಾನರಿನಿಂದ ತಟ್ಟಿದಾಗ ಪುಡಿ ಉದುರಿದರೆ, ಅಥವಾ ಬಣ್ಣದ ಕೆಳಗೆ ಗುಳ್ಳೆ ಎದ್ದು ಬೆರಳಲ್ಲಿ ಒತ್ತಿದರೆ ಒಳಕ್ಕೆ ಹೋದರೆ ಮಾತ್ರ ಗುಜರಿಗೆ.

ಹೀಗೆ ಮನೆಯದನ್ನೇ ಎಬ್ಬಿಸಿದರೆ ಖರ್ಚು ಅತಿ ಕಡಿಮೆ. ಅದರ ಹಿಂದಿನ ಕಥೆಯೂ ನಮಗೆ ಗೊತ್ತಿರುತ್ತದೆ. ಕದ್ದದ್ದಲ್ಲ, ಲಾರಿಗೆ ಸಿಕ್ಕಿದ್ದಲ್ಲ.

ಲೆಕ್ಕ ಹಾಕೋಣ

ಮನೆಯಲ್ಲಿ ಇಲ್ಲದವರು ಕೊಳ್ಳಲೇಬೇಕು. ಬೆಲೆ ಊರಿಂದ ಊರಿಗೆ, ಕಂಪನಿಯಿಂದ ಕಂಪನಿಗೆ ಬೇರೆ, ಆದ್ದರಿಂದ ಈ ಅಂಕಿಗಳನ್ನು ಲೆಕ್ಕ ಕಲಿಯಲಿಕ್ಕೆ ಮಾತ್ರ ಇಟ್ಟುಕೊಳ್ಳಿ. ಸಾದಾ ಹೊಸ ಸೈಕಲ್ಲು 6,500 ರೂಪಾಯಿ ಅನ್ನೋಣ. ಸಂಘದ ಆಂತರಿಕ ಸಾಲ, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ, 650ರ ಹಾಗೆ ಹತ್ತು ಕಂತು. ಉಳಿದ ಅಸಲಿನ ಮೇಲೆ ಬಡ್ಡಿ ಹಾಕಿದರೆ ಒಟ್ಟು ಬಡ್ಡಿ 715, ಸೈಕಲ್ಲು ಬಿದ್ದದ್ದು 7,215ಕ್ಕೆ. ಪೂರ್ತಿ ರಿಪೇರಿ ಮಾಡಿದ ಹಳೆಯದು 2,800 ಅಂದುಕೊಂಡು 560ರಂತೆ ಐದು ಕಂತಿಗೆ ತೀರಿಸಿದರೆ ಬಡ್ಡಿ 168, ಒಟ್ಟು 2,968. ಆಟೋದ 500 ರೂಪಾಯಿ ಉಳಿದರೆ ಹಳೆಯದರ ದುಡ್ಡು ಆರು ತಿಂಗಳಲ್ಲಿ ವಾಪಸ್, ಹೊಸದರದು ಹದಿನೈದು ತಿಂಗಳು.

ಇಲ್ಲಿಗೇ ನಿಲ್ಲಿಸಿದರೆ ಹಳೆಯದೇ ಗೆಲ್ಲುತ್ತದೆ. ಆದರೆ ನಿಲ್ಲಿಸಬೇಡಿ. ಆ ಹಳೆಯದಕ್ಕೆ ಬಣ್ಣ ಮಾತ್ರ ಹೊಡೆದು, ಒಳಗೆ ಏನೂ ಮಾಡದೆ ಕೊಟ್ಟಿದ್ದರೆ? ಎರಡನೇ ತಿಂಗಳು ಚೈನು, ಅದರ ಹಿಂದೆಯೇ ಫ್ರೀವೀಲು, ಆಮೇಲೆ ಎರಡು ಟೈರು, ಆಮೇಲೆ ರಿಮ್ಮು. ಮೂರು ಸಾವಿರ ಹಾಗೇ ಹೋಗುತ್ತದೆ, ಅದರ ಜೊತೆಗೆ ಮೆಕ್ಯಾನಿಕ್ ಅಂಗಡಿಯಲ್ಲಿ ಸೈಕಲ್ಲು ಬಿಟ್ಟುಬಂದ ದಿನಗಳ ಕೂಲಿಯೂ ಹೋಗುತ್ತದೆ. ಹಳೇ ಸೈಕಲ್ಲು ಅಗ್ಗವೋ ದುಬಾರಿಯೋ ಅಂತ ಗೊತ್ತಾಗೋದು ಕೊಂಡ ದಿನ ಅಲ್ಲ, ಮೂರು ತಿಂಗಳ ಮೇಲೆ. ಅದನ್ನು ಕೊಳ್ಳುವ ದಿನವೇ ಕಂಡುಹಿಡಿಯುವುದಕ್ಕೆ ಕೆಲವು ಪರೀಕ್ಷೆಗಳಿವೆ. ಮೆಕ್ಯಾನಿಕ್ ಆಗಬೇಕಿಲ್ಲ, ಒಂದು ಗಟ್ಟಿ ದಾರ, ಮಕ್ಕಳ ಸ್ಕೂಲ್ ಸ್ಕೇಲು ಮತ್ತು ಸ್ವಲ್ಪ ಧೈರ್ಯ ಸಾಕು.

ಹಳೆಯದನ್ನು ಪರೀಕ್ಷೆ ಮಾಡುವುದು

ಮೊದಲು ದಾರ. ಹಿಂದಿನ ಚಕ್ರದ ಎಡಗಡೆ ನಟ್ಟಿನ ಹತ್ತಿರ ಫ್ರೇಮಿಗೆ ದಾರ ಕಟ್ಟಿ, ಮುಂದಕ್ಕೆ ತಂದು, ಹ್ಯಾಂಡಲ್ ಕೆಳಗಿನ ಕೊಳವೆಯನ್ನು ಸುತ್ತಿಸಿ, ಬಲಗಡೆ ನಟ್ಟಿನ ಹತ್ತಿರ ಬಿಗಿಯಾಗಿ ಕಟ್ಟಿ. ದಾರ ಮಧ್ಯೆ ಎಲ್ಲೂ ತಾಗಬಾರದು. ಈಗ ಸೀಟಿನ ಕೆಳಗಿನ ಕೊಳವೆಗೂ ದಾರಕ್ಕೂ ಎಷ್ಟು ಅಂತರ ಅಂತ ಎರಡೂ ಕಡೆ ಸ್ಕೇಲಿನಿಂದ ಅಳೆಯಿರಿ. ಎರಡೂ ಒಂದೇ ಇದ್ದರೆ ಫ್ರೇಮು ನೆಟ್ಟಗಿದೆ. ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಎಲ್ಲೋ ಬಿದ್ದು ತಿರುಚಿಕೊಂಡಿದೆ, ಬೇಡ ಅಂತ ಎದ್ದುಬನ್ನಿ. ಅಂಗಡಿಯವರು ನಕ್ಕರೆ ನಗಲಿ.

ಆಮೇಲೆ ಪಕ್ಕದಲ್ಲಿ ಕೂತು ಫೋರ್ಕನ್ನು ನೋಡಿ. ಅದು ಕೆಳಗೆ ಹೋಗುತ್ತಾ ಸ್ವಲ್ಪ ಮುಂದಕ್ಕೆ ಬಾಗಿರಬೇಕು. ಹಿಂದಕ್ಕೆ ತಳ್ಳಿದ ಹಾಗಿದ್ದರೆ ಎದುರಿಗೆ ಡಿಕ್ಕಿ ಹೊಡೆದ ಸೈಕಲ್ಲು ಅದು. ಹ್ಯಾಂಡಲ್ ಕೊಳವೆಗೆ ಕೆಳಗಿನ ಕೊಳವೆ ಸೇರುವ ಜಾಗದಲ್ಲಿ ತಳಭಾಗಕ್ಕೆ ಬೆರಳಾಡಿಸಿ. ಸುಕ್ಕು ಅಥವಾ ಬಿರುಕು ಸಿಕ್ಕಿದರೆ ಹೊಸ ಬಣ್ಣಕ್ಕೆ ಮರುಳಾಗಬೇಡಿ. ಬೆಸುಗೆ ಹಾಕಿಸಿದ ಗುರುತಿದ್ದರೂ ಹಾಲಿನ ಕ್ಯಾನು ಹೊರುವ ಕೆಲಸಕ್ಕೆ ಅದು ಆಗದು.

ಚಕ್ರ ಎತ್ತಿ ತಿರುಗಿಸಿ, ಬ್ರೇಕಿನ ರಬ್ಬರಿನ ಪಕ್ಕ ರಿಮ್ಮು ಓಲಾಡುತ್ತದೆಯೇ ನೋಡಿ. ಎಡಕ್ಕೆ ಬಲಕ್ಕೆ ಸ್ವಲ್ಪ ಓಲಾಡಿದರೆ ಬೆಂಡು ತೆಗೆದರೆ ಸರಿಹೋಗುತ್ತದೆ. ರಿಮ್ಮು ತಗ್ಗು ಬಿದ್ದಿದ್ದರೆ ಅಷ್ಟು ಸುಲಭವಾಗಿ ಸರಿಹೋಗದು. ಕಡ್ಡಿಗಳನ್ನು ಒಂದೊಂದಾಗಿ ಬೆರಳಲ್ಲಿ ಮೀಟಿ. ಎಲ್ಲದರ ನಾದ ಹತ್ತಿರಹತ್ತಿರ ಇರಬೇಕು. ಮೊಂಡು ಸದ್ದು ಬಂದದ್ದು ಸಡಿಲವಾಗಿದೆ.

ಇನ್ನು ಚೈನು. ಸ್ಕೂಲ್ ಸ್ಕೇಲಿನ ಒಂದು ಕಡೆ ಇಂಚು ಇರುತ್ತದೆ. ಚೈನನ್ನು ಬಿಗಿಯಾಗಿ ಹಿಡಿದು ಒಂದು ಪಿನ್ನಿನ ಮಧ್ಯಕ್ಕೆ ಸೊನ್ನೆ ಇಟ್ಟರೆ 24 ಕೊಂಡಿ ಆದ ಮೇಲಿನ ಪಿನ್ನಿನ ಮಧ್ಯ ಸರಿಯಾಗಿ 12 ಇಂಚಿಗೆ ಬರಬೇಕು. ಅದು 12 ದಾಟಿ ಇಂಚಿನ ಎಂಟನೇ ಒಂದು ಭಾಗದಷ್ಟು ಮುಂದೆ ಹೋಗಿದ್ದರೆ ಚೈನು ಮುಗಿದಿದೆ. ಅಷ್ಟೇ ಅಲ್ಲ, ಅಷ್ಟು ಸವೆದ ಚೈನು ಫ್ರೀವೀಲಿನ ಹಲ್ಲನ್ನೂ ತಿಂದಿರುತ್ತದೆ. ಆಗ ಹೊಸ ಚೈನು ಮಾತ್ರ ಹಾಕಿದರೆ ಏರಿನಲ್ಲಿ ಒತ್ತಿ ತುಳಿದಾಗ ಜಾರುತ್ತದೆ, ಕಾಲು ಬಾರಿಗೆ ಬಡಿಯುತ್ತದೆ. ಎರಡೂ ಒಟ್ಟಿಗೆ ಬದಲಾಯಿಸಿ ಕೊಡಿ ಅಂತ ಕೇಳಿ.

ಎರಡೂ ಪೆಡಲಿನ ತೋಳು ಹಿಡಿದು ಅಲುಗಾಡಿಸಿ ನೋಡಿ. ಮಧ್ಯದ ಅಚ್ಚು ಕಟಕಟ ಅಂದರೆ ಗುಂಡು ಹೋಗಿದೆ ಅಥವಾ ಕಾಟರ್ ಪಿನ್ನು ಸಡಿಲವಾಗಿದೆ. ಇದು ದೊಡ್ಡ ರಿಪೇರಿ ಅಲ್ಲ, ಆದರೆ ಬೆಲೆ ಇಳಿಸಲು ಒಳ್ಳೆಯ ಮಾತು.

ಕೊನೆಗೆ ಬ್ರೇಕು. ಇದನ್ನು ನಾವು ಸ್ವಲ್ಪ ಜಾಸ್ತಿಯೇ ಹೇಳುತ್ತೇವೆ. ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ನಾಲೆ ಏರಿಯ ರಸ್ತೆಯಲ್ಲಿ ಓಡಾಡದವರು ಯಾರು? 2018ರ ನವೆಂಬರ್ 24ರಂದು ಕನಗನಮರಡಿ ಹತ್ತಿರ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ತೀರಿಕೊಂಡದ್ದನ್ನು ಈ ಭಾಗದವರು ಮರೆತಿಲ್ಲ. ಸ್ಟೀಲ್ ರಿಮ್ಮು ಮಳೆಯಲ್ಲಿ ನೆಂದರೆ ಬ್ರೇಕು ಹಿಡಿಯುವುದೇ ತಡ, ಒಣಗಿದ್ದಾಗ ನಿಲ್ಲುವ ದೂರಕ್ಕಿಂತ ಬಹಳ ಮುಂದೆ ಹೋಗಿ ನಿಲ್ಲುತ್ತದೆ. ಅದಕ್ಕೆ ಕೊಳ್ಳುವಾಗಲೇ ರಿಮ್ಮಿಗೆ ನೀರು ಸುರಿದು, ಓಡಿಸಿ, ಬ್ರೇಕು ಹಿಡಿದು ನೋಡಿ. ಬ್ರೇಕಿನ ರಬ್ಬರು ಹೊಸದಾಗಿ ಹಾಕಿಸಿಕೊಳ್ಳಿ, ಅದರಲ್ಲಿ ಚೌಕಾಸಿ ಬೇಡ.

ಯಾವ ಥರದ ಸೈಕಲ್ಲು?

ಮಗ ಕೈ ತೋರಿಸುವುದು ದಪ್ಪ ಟೈರಿನ, ಸ್ಪ್ರಿಂಗು ಇರುವ, ಗೇರು ಇರುವ ಸೈಕಲ್ಲಿಗೆ. ನೋಡಲು ಚೆಂದ. ಆದರೆ ಕಡಿಮೆ ಬೆಲೆಗೆ ಸಿಗುವ ಅಂಥ ಸೈಕಲ್ಲಿನ ಸ್ಪ್ರಿಂಗು ನಾವು ತುಳಿಯುವ ಬಲವನ್ನು ಕುಡಿಯುತ್ತದೆ, ತೂಕವೂ ಜಾಸ್ತಿ. ಕ್ಯಾರಿಯರ್ ಇರುವುದಿಲ್ಲ, ಮಡ್‌ಗಾರ್ಡ್ ಇದ್ದರೂ ನೆಪಕ್ಕೆ. ಗೇರಿನ ತಂತಿ ಹೋದರೆ ಹಳ್ಳಿ ಅಂಗಡಿಯಲ್ಲಿ ಸಾಮಾನು ಸಿಗದು. ಡಿಸ್ಕ್ ಬ್ರೇಕು ಅಂತೂ ಇನ್ನೂ ದೂರದ ಮಾತು.

ಸಾದಾ ಸೈಕಲ್ಲಿನ ದೊಡ್ಡ ಗುಣ ಅಂದರೆ ಅದರ ಸಾಮಾನು ಎಲ್ಲ ಕಂಪನಿಗೂ ಹೆಚ್ಚುಕಡಿಮೆ ಒಂದೇ. ಲೂಧಿಯಾನದ ಹೀರೋ ಇರಲಿ, ಏವನ್ ಇರಲಿ, ಚೆನ್ನೈನ ಹರ್ಕ್ಯುಲಿಸ್ ಇರಲಿ, ಚೈನು, ಫ್ರೀವೀಲು, ಕಡ್ಡಿ, ಟೈರು ಹೊಂದುತ್ತವೆ. ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನಿನಲ್ಲಿ ಬಾಗಿಲು ಹಾಕಿತು. ಆದರೂ ಹಳೇ ಅಟ್ಲಾಸ್ ಸೈಕಲ್ಲು ಇಟ್ಟುಕೊಂಡವರಿಗೆ ಸಾಮಾನಿಗೆ ತೊಂದರೆ ಇಲ್ಲದಿರುವುದು ಇದರಿಂದಲೇ. ಟೈರಿನ ಮೇಲೆ ಬರೆದ ಅಳತೆಯನ್ನು ಓದಿ, ನಿಮ್ಮೂರಿನ ಪಂಚರ್ ಅಂಗಡಿಯಲ್ಲಿ ಆ ಅಳತೆಯ ಟ್ಯೂಬು ನೇತುಹಾಕಿದ್ದಾರೆಯೇ ನೋಡಿ. ಇಲ್ಲದಿದ್ದರೆ ಆ ಸೈಕಲ್ಲು ನಿಮಗಲ್ಲ.

ಬಾರ್ ಇಲ್ಲದ ಲೇಡೀಸ್ ಸೈಕಲ್ಲು ಸೀರೆ ಉಟ್ಟವರಿಗೆ ಹತ್ತಲು ಇಳಿಯಲು ಸುಲಭ, ನಿಜ. ಆದರೆ ಅದೇ ಬೇಕು ಅಂತ ಹಟ ಬೇಡ. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೆ ಹಳ್ಳಿ ಹೆಂಗಸರಿಗೆ ಸೈಕಲ್ ಕಲಿಸಿದರು. ಆಗ ಅಲ್ಲಿ ಜಿಲ್ಲಾಧಿಕಾರಿ ಆಗಿದ್ದವರು ಶೀಲಾ ರಾಣಿ ಚುಂಕತ್. ಕೂಲಿ ಹೆಂಗಸರು, ಕಲ್ಲು ಕ್ವಾರಿಯವರು, ಅಂಗನವಾಡಿಯವರು ಸಾವಿರ ಸಾವಿರ ಸಂಖ್ಯೆಯಲ್ಲಿ ಕಲಿತರು. ಲೇಡೀಸ್ ಸೈಕಲ್ಲು ಸಾಲದೆ ಬಂದಾಗ ಗಂಡಸರ ಸೈಕಲ್ಲನ್ನೇ ತಗೊಂಡರು, ಕೆಲವರು ಅದೇ ವಾಸಿ ಅಂದರು. ಮುಂದಿನ ಬಾರಿನ ಮೇಲೆ ಮಗು ಕೂರಿಸಬಹುದಲ್ಲ! ನಮ್ಮಲ್ಲೂ ಚಿಕ್ಕಂದಿನಲ್ಲಿ ಅಪ್ಪನ ಸೈಕಲ್ಲಿನಲ್ಲಿ ಒಳಪೆಡಲು ಹೊಡೆದು ಕಲಿತವರು ಇದನ್ನು ಓದಿ ನಗಬಹುದು.

ಯಾವುದೇ ಆದರೂ ಸೀಟಿನಲ್ಲಿ ಕೂತಾಗ ಎರಡೂ ಕಾಲಿನ ಮುಂಗಾಲು ನೆಲಕ್ಕೆ ತಾಗಬೇಕು. ಕ್ಯಾರಿಯರಿನ ಕಾಲು ಹಿಂದಿನ ಅಚ್ಚಿನ ತನಕ ಇಳಿದಿರಬೇಕು, ಬರೀ ಸೀಟಿನ ಕೊಳವೆಗೆ ಕಚ್ಚಿಸಿದ ಕ್ಯಾರಿಯರ್ ಹೊರೆಗೆ ಆಗದು. ಪಕ್ಕದ ಒಂಟಿ ಸ್ಟ್ಯಾಂಡಿಗಿಂತ ಎರಡು ಕಾಲಿನ ಸ್ಟ್ಯಾಂಡು ಒಳ್ಳೆಯದು, ಕ್ಯಾನು ಕಟ್ಟುವಾಗ ಸೈಕಲ್ಲು ಬೀಳುವುದಿಲ್ಲ. ಚೈನ್‌ಕವರ್ ಪೂರ್ತಿ ಇರಲಿ, ಹಿಂದಿನ ಚಕ್ರಕ್ಕೆ ಜಾಲರಿ ಹಾಕಿಸಿ, ವೇಲನ್ನು ಹಿಂದೆ ಗಂಟು ಹಾಕಿಕೊಳ್ಳಿ.

ನಾಗಮಂಗಲದ ಸಹೋದರಿಯರು ಕೇಳುತ್ತಾರೆ, ಇದೆಲ್ಲ ನಾಲೆ ಬಯಲಿನವರಿಗೆ ಸರಿ, ನಮ್ಮ ಏರು ಇಳಿಜಾರಿಗೆ ಗೇರು ಬೇಡವೇ ಅಂತ. ಮೇಲುಕೋಟೆ ಬೆಟ್ಟದ ಬುಡದವರಿಗೂ ಇದೇ ಪ್ರಶ್ನೆ. ಗೇರಿಲ್ಲದೆಯೇ ಒಂದು ಉಪಾಯ ಇದೆ. ಸಾದಾ ಸೈಕಲ್ಲಿಗೆ ಸಾಮಾನ್ಯವಾಗಿ 18 ಹಲ್ಲಿನ ಫ್ರೀವೀಲು ಬಂದಿರುತ್ತದೆ. ಅದನ್ನು ತೆಗೆಸಿ 20 ಅಥವಾ 22 ಹಲ್ಲಿನದು ಹಾಕಿಸಿ. ಮುಂದೆ 44 ಹಲ್ಲಿದ್ದು ಹಿಂದೆ 18 ಇದ್ದರೆ ಒಂದು ಸುತ್ತು ತುಳಿದಾಗ ಹಿಂದಿನ ಚಕ್ರ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ. 22 ಹಾಕಿದರೆ ಎರಡೇ ಸುತ್ತು. ಬಯಲಲ್ಲಿ ಸ್ವಲ್ಪ ನಿಧಾನ, ಆದರೆ ಏರಿನಲ್ಲಿ ಕಾಲು ಹಗುರ. ಫ್ರೀವೀಲಿನ ಖರ್ಚಿನಲ್ಲೇ ಇದು ಮುಗಿಯುತ್ತದೆ, ಚೈನಿಗೆ ಒಂದೆರಡು ಕೊಂಡಿ ಸೇರಿಸಬೇಕಾಗಬಹುದು. ಹಳ್ಳಿಯಲ್ಲಿ ಸಿಗದಿದ್ದರೆ ಮಂಡ್ಯ, ಮೈಸೂರಿನ ದೊಡ್ಡ ಸೈಕಲ್ ಅಂಗಡಿಗಳಲ್ಲಿ ಕೇಳಿ ತರಿಸಿ.

ಹೊಸದೇ ಯಾವಾಗ?

ಮೆಕ್ಯಾನಿಕ್ ಹತ್ತಿರ ಇಲ್ಲದ ಊರಿನವರು, ದಿನಾ ಏಳೆಂಟು ಕಿಲೋಮೀಟರು ಒಬ್ಬಳೇ ಕಾಲೇಜಿಗೆ ಹೋಗುವ ಹುಡುಗಿ, ಮತ್ತು ಪರೀಕ್ಷೆಯಲ್ಲಿ ಪಾಸಾದ ಹಳೆಯದು ಎರಡು ಮೂರು ವಾರ ಹುಡುಕಿದರೂ ಸಿಗದವರು, ಇವರಿಗೆ ಹೊಸದೇ ವಾಸಿ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿ.ಎಸ್.ಟಿ. ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಬಿಲ್ಲು ಕೇಳಿ ಪಡೆದು, ಆ ಶೇ. 5 ಮಾತ್ರ ಹಾಕಿದ್ದಾರೆಯೇ ನೋಡಿ.

ಹೊಸದು ಅಂದ ಮಾತ್ರಕ್ಕೆ ಕಣ್ಣು ಮುಚ್ಚಬೇಡಿ. ಸೈಕಲ್ಲು ಕಾರ್ಖಾನೆಯಿಂದ ಬಿಡಿಬಿಡಿಯಾಗಿ ಬಂದು ಅಂಗಡಿಯಲ್ಲಿ ಜೋಡಣೆ ಆಗುತ್ತದೆ. ಹುಡುಗರು ಅವಸರದಲ್ಲಿ ಬಿಗಿ ಮಾಡಿರುತ್ತಾರೆ. ಓಡಿಸಲು ಶುರು ಮಾಡಿದ ಮೇಲೆ ಕಡ್ಡಿ ಸಡಿಲವಾಗುತ್ತವೆ, ಬ್ರೇಕಿನ ತಂತಿ ಹಿಗ್ಗುತ್ತದೆ. ಹದಿನೈದು ಇಪ್ಪತ್ತು ದಿನಕ್ಕೆ ತಿರುಗಿ ಒಯ್ದು ಎಲ್ಲ ಬಿಗಿ ಮಾಡಿಸಬೇಕು. ಇದನ್ನು ಉಚಿತವಾಗಿ ಮಾಡಿಕೊಡುವುದಾಗಿ ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಎಡಗಡೆ ಪೆಡಲಿನ ಮರೆ ಉಲ್ಟಾ ಅನ್ನುವುದು ನೆನಪಿರಲಿ. ಎಲ್ಲ ನಟ್ಟಿನ ಹಾಗೆ ಬಲಕ್ಕೆ ತಿರುಗಿಸಿದರೆ ಅದು ಬಿಗಿಯಾಗದು, ಬಿಚ್ಚಿಕೊಳ್ಳುತ್ತದೆ.

ಹೊಸದಾಗಲಿ ಹಳೆಯದಾಗಲಿ, ಹಿಂದೆ ಕೆಂಪು, ಮುಂದೆ ಬಿಳಿ ರಿಫ್ಲೆಕ್ಟರ್ ಇರಲೇಬೇಕು. ಕಬ್ಬಿನ ಕಾಲದಲ್ಲಿ ರಾತ್ರಿ ಟ್ರ್ಯಾಕ್ಟರುಗಳು ಹೇಗೆ ಬರುತ್ತವೆ ಅಂತ ನಿಮಗೆ ನಾವು ಹೇಳಬೇಕಿಲ್ಲ. ಶ್ರೀರಂಗಪಟ್ಟಣದವರು ಇನ್ನೊಂದು ತಿಳಿದಿರಿ. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಸೈಕಲ್ಲಿಗೂ ಬೈಕಿಗೂ ಪ್ರವೇಶ ಇಲ್ಲ, ಸರ್ವೀಸ್ ರಸ್ತೆಯಲ್ಲೇ ಹೋಗಬೇಕು.

ಸಂಘದಲ್ಲಿ ಮಾಡಬಹುದಾದದ್ದು

ಒಬ್ಬೊಬ್ಬರೇ ಹೋಗಿ ಕೊಳ್ಳುವುದಕ್ಕಿಂತ ನಾಲ್ಕೈದು ಸದಸ್ಯೆಯರು ಒಟ್ಟಿಗೆ ಹೋದರೆ ಅಂಗಡಿಯವರ ಮಾತು ಬೇರೆ ಇರುತ್ತದೆ. ಹಳೆಯದಾದರೆ ನಿಮ್ಮೂರಿನ ಮೆಕ್ಯಾನಿಕ್ಕಿಗೆ ನೂರು ರೂಪಾಯಿ ಕೊಟ್ಟು ಜೊತೆಗೆ ಕರೆದುಕೊಂಡು ಹೋಗಿ. ಆ ನೂರು ಸಾವಿರ ಉಳಿಸಬಹುದು. ದುಡ್ಡನ್ನು ಪೂರ್ತಿ ಕೊಡಬೇಡಿ. ಅರ್ಧ ಕೊಟ್ಟು, ಒಂದು ವಾರ ಓಡಿಸಿ ಉಳಿದದ್ದು ಅಂತ ಮಾತಾಡಿ. ಒಪ್ಪದವರು ಯಾಕೆ ಒಪ್ಪಲಿಲ್ಲ ಅಂತ ಯೋಚಿಸಿ. ಒಂದು ಪಂಪು, ನಾಲ್ಕು ಸ್ಪ್ಯಾನರು, ಪಂಚರ್ ಸಲ್ಯೂಷನ್ನು, ಎರಡು ಟೈರ್ ಬಿಚ್ಚುವ ಪಟ್ಟಿ, ಒಂದು ಎಣ್ಣೆ ಡಬ್ಬ ಇಷ್ಟನ್ನು ಸಂಘದ ಆಸ್ತಿಯಾಗಿ ಇಟ್ಟುಕೊಂಡರೆ ಎಲ್ಲರಿಗೂ ಆಯಿತು.

ಇನ್ನೊಂದು ವಿಷಯ ಹೇಳಲು ಮುಜುಗರ, ಆದರೂ ಹೇಳುತ್ತೇವೆ. ಸಾಲ ಅಮ್ಮನ ಹೆಸರಿಗೆ, ಕಂತು ಅಮ್ಮನ ಕೂಲಿಯಿಂದ, ಸೈಕಲ್ಲು ಮಾತ್ರ ಮಗನ ಕೈಯಲ್ಲಿ, ಇದು ಆಗಬಾರದು. ಸಾಲ ಮಂಜೂರು ಮಾಡುವ ಸಭೆಯಲ್ಲೇ ಯಾರು ಓಡಿಸುತ್ತಾರೆ, ಯಾವ ಕೆಲಸಕ್ಕೆ, ದಿನದಲ್ಲಿ ಯಾವ ಹೊತ್ತಿಗೆ ಅಂತ ಕೇಳಿ ನಡವಳಿ ಪುಸ್ತಕದಲ್ಲಿ ಬರೆಯಿರಿ. ಸದಸ್ಯೆಗೆ ಓಡಿಸಲು ಬರದಿದ್ದರೆ ಅದೂ ದೊಡ್ಡದಲ್ಲ. ಎರಡೂ ಪೆಡಲು ಬಿಚ್ಚಿಸಿ, ಸೀಟು ಪೂರ್ತಿ ಇಳಿಸಿ, ಶಾಲೆ ಮೈದಾನದಲ್ಲಿ ಕಾಲಿನಿಂದ ನೆಲ ತಳ್ಳುತ್ತಾ ನಾಲ್ಕು ಸಂಜೆ ಹೋಗಲಿ. ತೂಕ ನಿಲ್ಲಿಸುವುದು ಬಂದ ಮೇಲೆ ಪೆಡಲು ಹಾಕಿಸಿ. ವಯಸ್ಸು ನಲವತ್ತಾಯಿತು ಅಂತ ಹಿಂಜರಿಯಬೇಕಿಲ್ಲ.

ನಡವಳಿಯಲ್ಲಿ ಬರೆಯುವಾಗ ಫ್ರೇಮ್ ನಂಬರನ್ನೂ ಬರೆದಿಡಿ. ಸೀಟಿನ ಕೊಳವೆಯ ಮೇಲೋ ಪೆಡಲಿನ ಅಚ್ಚಿನ ತಳದಲ್ಲೋ ಕೊರೆದಿರುತ್ತಾರೆ, ಮಣ್ಣು ಒರೆಸಿದರೆ ಕಾಣುತ್ತದೆ. ಹಳೆಯದನ್ನು ಕೊಳ್ಳುವಾಗ ಆ ನಂಬರನ್ನು ಉಜ್ಜಿ ಅಳಿಸಿದ್ದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ತಗೋಬೇಡಿ. ಕದ್ದ ಮಾಲು ಅಂತ ಗೊತ್ತಿದ್ದೂ ಕೊಳ್ಳುವುದು ಅಪರಾಧ. ನಂಬರು ಇದ್ದರೆ ಮಾರಿದವರ ಹೆಸರು, ಊರು, ತಾರೀಖು, ಕೊಟ್ಟ ದುಡ್ಡು ಬರೆದ ಚೀಟಿಗೆ ಸಹಿ ಹಾಕಿಸಿಕೊಂಡು ಸಾಲದ ಕಾಗದಗಳ ಜೊತೆ ಇಡಿ.